ಒಸಡು ಬಣ್ಣದ ಕಾರು

ನನ್ನ ಕಾರಿನ ಬಣ್ಣ ಯಾವುದೆಂದು ಯಾರಾದರೂ ಕೇಳಿದರೆ ಆರ್‌ಸಿ ತೆಗೆದು ನೋಡಿ ಹೇಳಬೇಕಾದ ಕಾಲ ಬಂದಿತ್ತು. ಅದರಲ್ಲಿ ಕೆಂಪು ಎಂದಿತ್ತು. ಬಾಗಿಲುಗಳು ಇನ್ನೂ ಹೆಚ್ಚುಕಡಿಮೆ ಕೆಂಪಾಗಿಯೇ ಇದ್ದವು. ಬಾನೆಟ್ಟು ಮತ್ತು ಮೇಲ್ಭಾಗ ಮಾತ್ರ ಹದಿಮೂರು ಬೇಸಿಗೆ ತಿಂದು, ಹಲ್ಲುದುರಿದವರ ಒಸಡಿನ ಬಣ್ಣಕ್ಕೆ ತಿರುಗಿದ್ದವು. ಬೆರಳೆಳೆದರೆ ತುದಿಗೆ ಗುಲಾಬಿ ಪುಡಿ ಮೆತ್ತಿಕೊಳ್ಳುತ್ತಿತ್ತು. ಬಿಳಿ ಅಂಗಿ ಹಾಕಿಕೊಂಡು ಅದಕ್ಕೊರಗಿ ನಿಂತರೆ ಮುಗಿಯಿತು. ಬೆಳಿಗ್ಗೆ ಜಗುಲಿಯಲ್ಲಿ ಕೂತು ಅದನ್ನು ನೋಡುತ್ತ ಕಾಫಿ ಕುಡಿಯುವುದು ನನಗೆ ಹೇಸಿಗೆಯಾಗಿ, ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದೆ.

ನಾನು ಕಿಕ್ಕೇರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಪಾಂಡವಪುರದಲ್ಲಿ. ದಿನಾ ಅಷ್ಟು ದೂರ ಹೋಗಿಬರುವ ಈ ಕಾರನ್ನು ಮಾರಿ ಬೇರೆ ಕೊಳ್ಳುವ ಶಕ್ತಿ ನನಗಿರಲಿಲ್ಲ. ಪೇಂಟಿಂಗ್ ಶೆಡ್ಡಿನವನು ಹೇಳಿದ ಮೊತ್ತ ಕೇಳಿದಾಗ, ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಒಸಡು ಬರುತ್ತದಲ್ಲ ಅನ್ನಿಸಿತು. ಮೊಬೈಲಿನಲ್ಲಿ ಯಾರ್ಯಾರೋ ತಮ್ಮ ಕಾರಿಗೆ ತಾವೇ ಬಣ್ಣ ಹೊಡೆದುಕೊಳ್ಳುವುದನ್ನು ನೋಡಿದೆ. ಬೆಳ್ಳಗಿನ ನೆಲ, ಬೆಳ್ಳಗಿನ ಕೈಗವಸು, ಒಂದು ನೊಣವಿಲ್ಲ. ಅಷ್ಟು ನೋಡಿದ ಮೇಲೆ ನನ್ನಲ್ಲೂ ಒಬ್ಬ ಪೇಂಟರ್ ಇದ್ದಾನೆ ಎಂದು ನಂಬಿಕೆ ಬಂತು. ಬಣ್ಣ ಯಾವುದು ಕೊಳ್ಳಬೇಕು ಎನ್ನುವುದೊಂದೇ ಉಳಿದಿರುವುದು ಎಂದುಕೊಂಡೆ.

ಮೊದಲು ದೇವಲಾಪುರಕ್ಕೆ ಹೋದೆ. ಅಲ್ಲಿ ನನ್ನ ಜೊತೆ ಹಿಂದೆ ಕೆಲಸ ಮಾಡುತ್ತಿದ್ದ ಮೇಷ್ಟ್ರೊಬ್ಬರು ತಮ್ಮ ಕಾರಿಗೆ, ಗೇಟಿಗೆ ಬಳಿಯುವ ಎನಾಮಲ್ ಬಣ್ಣವನ್ನು ಬ್ರಷ್ಷಿನಲ್ಲೇ ಬಳಿದು ಗೆದ್ದಿದ್ದಾರೆ ಎಂದು ಕೇಳಿದ್ದೆ. ಕಾರು ಹಸಿರಾಗಿ ನಿಂತಿತ್ತು, ಸರ್ಕಾರಿ ಆಸ್ಪತ್ರೆಯ ಕಿಟಕಿಯ ಹಾಗೆ. ಹತ್ತಿರ ಹೋದರೆ ಬ್ರಷ್ಷಿನ ಕೂದಲೆಳೆಗಳು. ಇನ್ನೂ ಹತ್ತಿರ ಹೋದರೆ ಎಡಬಾಗಿಲಿನಲ್ಲಿ ಎರಡು ನೊಣ, ಒಂದು ಜೇನುಹುಳ, ಲೆಕ್ಕವಿಲ್ಲದಷ್ಟು ರಾಗಿ ಹೊಟ್ಟು. ಒಕ್ಕಣೆಯ ಕಾಲದಲ್ಲಿ ಬಳಿದರಂತೆ. ಬಣ್ಣ ಒಣಗಲು ಮೂರು ದಿನ ಹಿಡಿಯಿತಂತೆ. ಆ ಮೂರು ದಿನದಲ್ಲಿ ಊರಿನ ಗಾಳಿಯಲ್ಲಿ ಏನೇನಿತ್ತೋ ಎಲ್ಲವೂ ಬಂದು ಅದರ ಮೈಮೇಲೆ ಶಾಶ್ವತವಾಗಿ ಕೂತುಬಿಟ್ಟಿತ್ತು.

"ಮುಟ್ ನೋಡಿ ಸಾ, ಕಲ್ಲಾದಂಗ್ ಆಗದೆ," ಅಂದರು ಹೆಮ್ಮೆಯಿಂದ.

ಮುಟ್ಟಿದೆ. ಜೇನುಹುಳದ ಬೆನ್ನು ಬೆರಳಿಗೆ ತಗುಲಿತು. ಅವರು ಒಳಗೆ ಕಾಫಿ ಹೇಳಲು ಹೋದಾಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಬರುವಾಗ ನಾಗಮಂಗಲದಲ್ಲಿ ಒಂದು ಬಣ್ಣದಂಗಡಿಗೆ ಹೊಕ್ಕೆ. "ಗೇಟಿಗಾ, ಗ್ರಿಲ್ಲಿಗಾ?" ಎಂದು ಕೇಳಿದ ಅಂಗಡಿಯವನು. ಕಾರಿಗೆ ಎಂದೆ. "ಎಲ್ಲಾ ಕಬ್ಣಾನೇ ಅಲ್ವಾ ಬುಡಿ ಸಾ," ಎಂದು ಮತ್ತೆ ಗೇಟಿನ ಡಬ್ಬವನ್ನೇ ಮುಂದೆ ತಳ್ಳಿದ. ನನಗೆ ರಾಗಿ ಹೊಟ್ಟು ಕಣ್ಮುಂದೆ ಬಂತು. ಎದ್ದು ಬಂದೆ.

ಮಾರನೆಯ ವಾರ ಶಾಲೆಯಿಂದ ಬರುತ್ತ ಕೆ.ಆರ್. ಪೇಟೆಯಲ್ಲಿ ಸ್ಪ್ರೇ ಡಬ್ಬ ಕೊಂಡೆ. ಅಲ್ಲಾಡಿಸಿ ಒತ್ತಿದರೆ ಬಣ್ಣ ಚಿಮ್ಮುವ, ಅಂಗೈಯಗಲದ ಗೀರು ಮುಚ್ಚಲು ಮಾಡಿದ ವಸ್ತು ಅದು. ಹಿಂದಿನ ಬಂಪರಿನ ಮೂಲೆಗೆ ಹೊಡೆದು ನೋಡಿದೆ. ಮೊದಲು ಕೆಮ್ಮಿತು, ಆಮೇಲೆ ಉಗಿಯಿತು. ಬಣ್ಣ ನಾಲ್ಕು ದಾರಿಯಾಗಿ ಕೆಳಗಿಳಿದು, ಬಸ್‌ಸ್ಟ್ಯಾಂಡಿನ ಗೋಡೆಗೆ ಯಾರೋ ಎಲೆಅಡಿಕೆ ಉಗಿದ ಹಾಗೆ ಒಣಗಿತು. ಇಡೀ ಕಾರಿಗೆ ಇಂಥ ಡಬ್ಬ ಎಷ್ಟು ಬೇಕಾಗುತ್ತದೆಂದು ಯೋಚಿಸುವ ಗೋಜಿಗೂ ನಾನು ಹೋಗಲಿಲ್ಲ. ಆ ಉಗುಳನ್ನು ಉಜ್ಜಿ ತೆಗೆಯಲು ಒಂದು ಸಂಜೆ ಪೂರ್ತಿ ಬೇಕಾಯಿತು.

ಆಮೇಲೆ ಪೆಟ್ರೋಲ್ ಹಾಕುವ ಕಿಂಡಿಯ ಪುಟ್ಟ ಬಾಗಿಲನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ಅದರ ಒಳಮೈಗೆ ಬಿಸಿಲು ಬಿದ್ದಿರುವುದಿಲ್ಲ. ಕಾರು ಹುಟ್ಟಿದಾಗಿನ ಬಣ್ಣ ಅಲ್ಲೇ ಉಳಿದಿರುತ್ತದೆ. ಹೆದ್ದಾರಿ ಬದಿಯ ಗಾಜಿನ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿ ಬಣ್ಣ ಬೆರೆಸಿಕೊಡುತ್ತಿದ್ದರು. ಅಲ್ಲಿದ್ದವನು ಆ ಮುಚ್ಚಳವನ್ನು ಸತ್ತ ಜಿರಲೆ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು, ನನ್ನ ಮುಂದೆ ಬಣ್ಣದ ಚೀಟಿಗಳ ಗೊಂಚಲೊಂದನ್ನು ಬಿಡಿಸಿದ. ಕೆಂಪಿನಲ್ಲೇ ಎಷ್ಟೊಂದು! ಹಣ್ಣಿನ ಹೆಸರಿನ ಕೆಂಪು, ಸಂಜೆಯ ಹೆಸರಿನ ಕೆಂಪು, ತುಟಿಯ ಹೆಸರಿನ ಕೆಂಪು. ಬಣ್ಣಕ್ಕೆ ಇಷ್ಟು ಲಲ್ಲೆಗರೆಯುವವರು ಗಿರಾಕಿಯನ್ನು ಕೂರಿ ಎಂದೂ ಅನ್ನಲಿಲ್ಲ. ಪಿಯು ಎಂಬ ಬಣ್ಣವೇ ಹೊಡೆಯಬೇಕು, ಅದಕ್ಕೆ ಗಟ್ಟಿ ಬರಿಸುವ ದ್ರಾವಣ ಬೇರೆ ಕೊಳ್ಳಬೇಕು, ಅದರ ಹಬೆ ಕುಡಿದರೆ ಶ್ವಾಸಕೋಶ ಹೋಗುತ್ತದೆ, ಅದಕ್ಕೆ ಇಂಥದ್ದೇ ಮಾಸ್ಕ್ ಬೇಕು ಎಂದು ಪಾಠ ಒಪ್ಪಿಸಿದ. ಬೆಲೆ ಕೇಳಿದೆ. ಮುಚ್ಚಳವನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿಕೊಂಡೆ.

ಇಷ್ಟೆಲ್ಲ ಸುತ್ತಿದ ನಾನು ನಮ್ಮೂರಿನಲ್ಲೇ, ನಮ್ಮ ಬೀದಿಯ ತಿರುವಿನಲ್ಲೇ ಇದ್ದ ಬಣ್ಣದಂಗಡಿಗೆ ಯಾಕೆ ಹೋಗಿರಲಿಲ್ಲ ಎಂದರೆ, ಅಲ್ಲಿ ನಮ್ಮಪ್ಪ ಇರುತ್ತಿದ್ದರು, ಗಾಡಿಯ ವಿಷಯ ಬಂದರೆ ಅವರ ಬುದ್ಧಿಮಾತು ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ, ಮತ್ತೆ ಸಂಜೆ, ಆ ಅಂಗಡಿಯ ಮುಂದಿನ ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುವುದು ಅವರ ದಿನಚರಿ. ಅಂಗಡಿಯ ಸಾಬರು ಮೂವತ್ತು ವರ್ಷ ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆದವರು. ಅಪ್ಪನ ಲಾರಿಗೂ ಅವರೇ ಹೊಡೆದದ್ದು. ಉಸಿರು ಹಿಡಿಯತೊಡಗಿದಾಗ ಡಾಕ್ಟರು ಬಣ್ಣ ಹೊಡೆಯುವ ಗನ್ನು ಮುಟ್ಟಬೇಡಿ ಎಂದರು. ಎರಡು ವರ್ಷದ ಹಿಂದೆ, ಉಳಿದದ್ದನ್ನೆಲ್ಲ ಹಾಕಿ ಈ ಸಣ್ಣ ಅಂಗಡಿ ತೆರೆದಿದ್ದರು. ಅವರಲ್ಲಿ ಕಂಪ್ಯೂಟರ್ ಇರಲಿಲ್ಲ. ಕಣ್ಣಳತೆಯಲ್ಲೇ ಬಣ್ಣ ಬೆರೆಸಿ, ತಾವೇ ಡಬ್ಬಕ್ಕೆ ತುಂಬಿಕೊಡುತ್ತಿದ್ದರು. ಕಂಪನಿಯ ಮೊಹರಿಲ್ಲದ ಡಬ್ಬ. ಅದರ ಮೇಲಿದ್ದ ಮೊಹರೆಂದರೆ ಅವರ ಮಾತೊಂದೇ.

ಕೊನೆಗೆ ಅಲ್ಲಿಗೇ ಹೋದೆ. ಸಾಬರು ನನ್ನ ಕೈಯಿಂದ ಆ ಮುಚ್ಚಳ ತೆಗೆದುಕೊಂಡು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಅಂಗಿಯ ತುದಿಯಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದರು.

"ಅರೇ ಮೇಷ್ಟ್ರೇ, ಪಿಯು ಗಿಯು ನಿಮ್ಗೆ ಬ್ಯಾಡ. ಅದ್ರಲ್ಲಿ ತಪ್ಪು ಮಾಡಿದ್ರೆ ತಪ್ಪೇ ಕಲ್ಲಾಗಿ ಕೂತ್ಬಿಡ್ತದೆ. ಎನ್‌ಸಿ ಅಂತ ಹಳೇ ಥರದ ಬಣ್ಣ ಬರ್ತದೆ, ಅದ್ ಹೊಡೀರಿ. ಹತ್ತು ನಿಮಿಷದಲ್ಲಿ ಒಣಗ್ತದೆ, ಧೂಳು ಕೂರಲ್ಲ. ತಪ್ಪಾಯ್ತಾ, ನೀರ್ ಪೇಪರ್ ಹಾಕಿ ಉಜ್ಜಿ, ಮತ್ತೆ ಹೊಡೀರಿ. ಮಿಂಚು ಮಾತ್ರ ನೀವೇ ಪಾಲಿಶ್ ಹಾಕಿ ತರಿಸ್ಬೇಕು. ನಿಮ್ ಬಜೆಟ್ಟಿಗೂ ನಿಮ್ ಕೈಗೂ ಅದೇ ಸರಿ."

ಬೆಂಚಿನಿಂದ ಅಪ್ಪ ಪೇಪರ್ ಇಳಿಸದೆ ಹೇಳಿದರು: "ಬಣ್ಣ ಏನ್ ಮಾಡ್ತದೆ ಸಾಬ್ರೇ? ಒರ್ಸೋದ್ರಲ್ ಇರೋದು ಮಿಂಚು."

ಸಾಬರು ಅದನ್ನು ಕೇಳಿಸಿಕೊಳ್ಳದವರ ಹಾಗೆ ನನಗೇ ಹೇಳಿದರು: "ಒಂದ್ ಮಾತು. ಗನ್ ಕೈಗೆ ತಗೊಳ್ಳೋ ಮುಂಚೆ ತಿನ್ನರ್ ಬಟ್ಟೇಲಿ ಪೂರ್ತಿ ಒರೆಸ್ಬೇಕು. ನಿನ್ನೆ ಒರೆಸಿದ್ದೆ ಅನ್ಬೇಡಿ. ಆಗಲೇ ಒರೆಸಿ, ಆಗಲೇ ಹೊಡೀಬೇಕು. ಬಸ್, ಇಷ್ಟೇ."

ನಾನು ತಲೆಯಾಡಿಸಿ, ಬಣ್ಣ, ಅದರಡಿಗೆ ಹೊಡೆಯುವ ಪ್ರೈಮರ್, ತಿನ್ನರ್ ಎಲ್ಲ ಅವರಲ್ಲೇ ಕೊಂಡೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪ್ರಯೋಗದ ಹಂತಗಳನ್ನು ಬಾಯಿಪಾಠ ಮಾಡಿಸುತ್ತಿರುವವನಿಗೆ ಇದೇನು ದೊಡ್ಡದು ಎಂದುಕೊಂಡೆ.

ಅಪ್ಪನ ಒರೆಸುವ ವಿಷಯ ಹೇಳಬೇಕು. ಅವರು ಬೆಲ್ಲದ ಲಾರಿ ಓಡಿಸುತ್ತಿದ್ದವರು. ಆ ಕಾಲದ ಡ್ರೈವರುಗಳಿಗೆ ವಾರಕ್ಕೊಮ್ಮೆ ಗಾಡಿಯ ಮೈಗೆ ಎಣ್ಣೆಬಟ್ಟೆ ಆಡಿಸುವುದು ಒಂದು ವ್ರತ. ಸೀಮೆಎಣ್ಣೆಗೋ ಡೀಸೆಲ್ಲಿಗೋ ಕೊಬ್ಬರಿ ಎಣ್ಣೆ ಬೆರೆಸಿ, ಹಳೇ ಬನಿಯನ್ ಅದ್ದಿ ಒರೆಸಿದರೆ, ಎಂಥ ಬಡಕಲು ಲಾರಿಯೂ ಆಯುಧಪೂಜೆಗೆ ಮದುಮಗನ ಹಾಗೆ ಕಾಣುತ್ತಿತ್ತು. ಲಾರಿ ಹೋದ ಮೇಲೆ ಆ ವ್ರತ ನನ್ನ ಕಾರಿಗೆ ಬಂತು. ಹೋದ ವರ್ಷ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಅವರ ಲೈಸೆನ್ಸ್ ನವೀಕರಣವಾಗಲಿಲ್ಲ. ಒಂದು ತಿಂಗಳು ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ಎದ್ದು ಕಾರು ಒರೆಸಿದರು. ಅಂದು ಮಧ್ಯಾಹ್ನ ಮಾತಾಡಿದರು. ಡ್ರೈವರ್ ಎನ್ನುವವನು ಮಾಡುವ ಕೆಲಸದಲ್ಲಿ ಅವರಿಗೆ ಉಳಿದದ್ದು ಅದೊಂದೇ. ಆದ್ದರಿಂದ ಅವರು ಒರೆಸಿದ ಮಾರನೆಯ ದಿನ ಆ ಎಣ್ಣೆಗೆ ಊರಿನ ಧೂಳೆಲ್ಲ ಅಂಟಿ, ಕಾರು ಕೆಸರೆಮ್ಮೆಯ ಹಾಗಾದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಎರಡು ವಾರ ಉಜ್ಜಿದೆ. ನೀರು ಸುರಿದು, ಮರಳು ಕಾಗದ ಹಿಡಿದು ಉಜ್ಜಿದಷ್ಟೂ ಗುಲಾಬಿ ಲೋಳೆ ಇಳಿದು ಅಂಗಳದ ಚರಂಡಿ ತುಂಬಿತು. ಉಗುರಿನ ಸಂದಿಯಲ್ಲಿ ಅದೇ, ಅನ್ನದ ತಟ್ಟೆಯಲ್ಲಿ ಅದೇ. ಹೆಂಡತಿ, "ನೀವು ಕೋಳಿ ಕುಯ್ದು ಬಂದವ್ರ ಥರ ಇದೀರಿ, ದೂರ ಕೂತ್ಕೊಳ್ಳಿ," ಎಂದಳು. ಶನಿವಾರ ಸಂಜೆ ಕೆಲಸ ಮುಗಿಯಿತು. ತಿನ್ನರ್ ಬಟ್ಟೆಯಲ್ಲಿ ಒಂದಿಂಚೂ ಬಿಡದೆ ಒರೆಸಿದೆ. ಗಾಜುಗಳಿಗೆ ಪೇಪರ್ ಮುಚ್ಚಿ ಅಂಚಿಗೆ ಟೇಪು ಹಚ್ಚಿದೆ. ಕಾರು ಒಣಕಲಾಗಿ, ಬಿಳಿಚಿಕೊಂಡು, ಸುಣ್ಣದ ಗೂಡಿನಿಂದ ಎದ್ದು ಬಂದಂತೆ ನಿಂತಿತ್ತು. ಅಪ್ಪ ಒಂದು ಸುತ್ತು ಹಾಕಿ ನೋಡಿದರು.

"ಏನ್ಲಾ ಇದು, ಮೈಯೆಲ್ಲಾ ಕೆರೆದ್ಬುಟ್ಟಿದೀಯ. ಇಬ್ಬನಿ ಬಿದ್ರೆ ತುಕ್ಕು ಇಡೀತದೆ ಕಣ್ಲಾ."

"ನಾಳೆ ಬೆಳಿಗ್ಗೆನೇ ಬಣ್ಣ ಬೀಳುತ್ತಪ್ಪ, ಸುಮ್ನಿರಿ," ಅಂದೆ.

ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಒತ್ತಿಕೊಂಡು, ಬಾಡಿಗೆಗೆ ಗಾಳಿಯ ಕಂಪ್ರೆಸರ್ ಮತ್ತು ಗನ್ನು ತರಲು ಹೋದೆ. ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅಂಗಳಕ್ಕೆ ಕಾಲಿಟ್ಟರೆ ಕಾರಿನ ಮೈ ಬೇರೆಯೇ ಕಂಡಿತು. ನಿನ್ನೆಯ ಬಿಳಿಚು ಹೋಗಿ ಒಳಗಿನಿಂದ ಕೆಂಪು ಎದ್ದು ಬಂದಿತ್ತು. ಆ ಹೊತ್ತಿನಲ್ಲಿ ನನಗೆ ಏನು ಅನ್ನಿಸಿತು ಎಂದು ಹೇಳಿಕೊಳ್ಳಲು ಈಗ ಅಸಹ್ಯವಾಗುತ್ತದೆ. ಎಷ್ಟು ಚೆನ್ನಾಗಿ ಉಜ್ಜಿದ್ದೇನೆ ನೋಡು ಅಂದುಕೊಂಡೆ. ಕೊಬ್ಬರಿ ಎಣ್ಣೆಯ ವಾಸನೆಯೂ ಬಂತು. ನನ್ನ ತಲೆಯಿಂದಲೇ ಬರುತ್ತಿದೆ ಅಂದುಕೊಂಡೆ. ಮೇಲ್ಮೈ ಎಳೆತ ಎಂದರೇನು, ಎಣ್ಣೆ ಬಳಿದ ತಟ್ಟೆಯ ಮೇಲೆ ನೀರು ಯಾಕೆ ಗುಂಡಾಗಿ ನಿಲ್ಲುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ಮನುಷ್ಯ ನಾನು. ನಿನ್ನೆ ತಾನೇ ಒರೆಸಿದ್ದೆನಲ್ಲ, ಬಾಡಿಗೆ ಗಂಟೆ ಓಡುತ್ತಿದೆ ಎಂದು ಗನ್ನು ಎತ್ತಿಕೊಂಡೆ.

ಮೊದಲ ಕೋಟು ಪ್ರೈಮರ್ ಬಾನೆಟ್ಟಿನ ಮೇಲೆ ಬಿದ್ದದ್ದೇ ತಡ, ಅಲ್ಲಲ್ಲಿ ಬಿಚ್ಚಿಕೊಂಡಿತು. ಒಂದೊಂದೂ ಸಾಸಿವೆ ಕಾಳಿನಷ್ಟು ಕುಳಿ. ನೋಡನೋಡುತ್ತ ಹತ್ತು, ನೂರು. ಸಿಡುಬು ಎದ್ದ ಮುಖದಂತಾಯಿತು. ದಪ್ಪಗೆ ಹೊಡೆದರೆ ಮುಚ್ಚುತ್ತದೆ ಎಂದು ಇನ್ನೊಂದು ಕೋಟು, ಅದರ ಮೇಲೆ ಕೆಂಪು, ಅದರ ಮೇಲೆ ಮತ್ತೆ ಕೆಂಪು. ಕುಳಿಗಳು ಮುಚ್ಚಲಿಲ್ಲ, ಅಂಚುಗಳು ಊದಿಕೊಂಡವು. ಮಧ್ಯಾಹ್ನ ಗಾಜಿನ ಅಂಚಿನ ಟೇಪು ಎಳೆದೆ. ಟೇಪಿನ ಜೊತೆ ಬಣ್ಣವೂ ಬಂತು. ಹಾಲಿನ ಕೆನೆಯ ಹಾಗೆ, ಅಂಗೈ ಅಗಲ, ಆಮೇಲೆ ಮೊಳದುದ್ದ, ಪ್ರೈಮರ್ ಸಮೇತ ಸುಲಿದುಕೊಂಡು ಬಂತು.

ಆ ಸುಲಿದ ಚರ್ಮವನ್ನು ಪೇಪರಿನಲ್ಲಿ ಸುತ್ತಿಕೊಂಡು ಸಂಜೆ ಸಾಬರ ಅಂಗಡಿಗೆ ಹೋದೆ. ಟ್ರಾಕ್ಟರ್ ಟ್ರೈಲರ್ ಶೆಡ್ಡಿನವನು, ಒಂದಿಬ್ಬರು ಲಾರಿಯವರು, ಮನೆ ಕಟ್ಟಿಸುತ್ತಿದ್ದವರು, ಎಲ್ಲ ಸೇರಿ ಹತ್ತು ಜನ ಇದ್ದರು. ಬೆಂಚಿನ ಮೇಲೆ ಅಪ್ಪ. ಪೇಪರನ್ನು ಕೌಂಟರಿನ ಮೇಲೆ ಬಿಚ್ಚಿ ಎಸೆದೆ.

"ಇದು ಬಣ್ಣಾನಾ? ಕಲಬೆರಕೆ ಮಾಲು ತುಂಬಿ ಕೊಟ್ಟಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಇಷ್ಟೇ ಅಂದಿದ್ದರೂ ಸಾಕಿತ್ತು. ಇನ್ನೂ ಅಂದೆ. ಮೊಹರಿಲ್ಲದ ಡಬ್ಬ ಅಂದೆ, ಊರಿಗೆ ಟೋಪಿ ಅಂದೆ. ವಿಜ್ಞಾನದ ಮೇಷ್ಟ್ರಾಗಿ ಹೇಳುತ್ತಿದ್ದೇನೆ, ಈ ತಿನ್ನರ್‌ನಲ್ಲಿ ತಿನ್ನರೇ ಇಲ್ಲ ಅಂದೆ. ಸಾಬರು ಆ ಸುಲಿದ ಬಣ್ಣವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದರು.

"ಇದೇ ಡಬ್ಬದ್ದು ಈ ವಾರ ಮೂರು ಗಾಡಿಗೆ ಬಿದ್ದದೆ ಮೇಷ್ಟ್ರೇ. ನೀವು ಹೊಡಿಯೋಕೆ ಮುಂಚೆ ಒರೆಸಿದ್ರಾ?"

"ಒರೆಸಿದ್ದೆ!" ಎಂದು ಕಿರುಚಿದೆ. ಯಾವಾಗ ಎಂದು ಹೇಳಲಿಲ್ಲ.

ಆಗ ಬೆಂಚಿನಿಂದ ಅಪ್ಪ, "ನಾನ್ ಆವತ್ತೇ ಅಂದೆ. ಈಗಿನ್ ಬಣ್ಣದಲ್ಲಿ ಸತ್ವ ಇಲ್ಲ," ಎಂದರು. ಜನ ತಲೆಯಾಡಿಸಿದರು.

ಮಾರನೆಯ ದಿನ ಊಟಕ್ಕೆ ಕೂತಾಗ ಅಪ್ಪನೇ ಸುದ್ದಿ ತಂದರು. "ಟ್ರೈಲರ್ ಶೆಡ್ನೋನು ಎಲ್ಡ್ ಡಬ್ಬ ವಾಪಸ್ ತಂದ್ ಮಡುಗ್ದ ಕಣ್ಲಾ. ಮೇಷ್ಟ್ರು ಸುಳ್ ಯೋಳ್ತಾರಾ ಅಂದ." ಮಂಗಳವಾರ ಇನ್ನೊಬ್ಬ. ನನ್ನ ಮಾತಿಗೆ ಊರಿನಲ್ಲಿ ಇಷ್ಟು ತೂಕವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಗೇಡಿನ ಸಂಗತಿಯೆಂದರೆ, ಮೊದಲ ದಿನ ಅದು ಹಿತವಾಗಿಯೇ ಇತ್ತು.

ಬುಧವಾರ ಬೆಳಿಗ್ಗೆ ಹೆಂಡತಿ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದಳು. "ಭಾನುವಾರ ತೆರೆದ ಹೊಸ ಬಾಟ್ಲಿ ಕಣ್ರೀ, ಆಗಲೇ ತಳ ಕಂಡಿದೆ. ನೀವೇನು ತಲೆಗೆ ಹಚ್ಕೊಂಡ್ರಾ, ಕುಡಿದ್ರಾ?"

ನಾನು ಎದ್ದು ಹಿತ್ತಲಿಗೆ ಹೋದೆ. ತಂತಿಯ ತುದಿಯಲ್ಲಿ, ಬೇರೆ ಬಟ್ಟೆಗಳಿಂದ ದೂರ, ಅಪ್ಪನ ಎಣ್ಣೆಬಟ್ಟೆ ನೇತಾಡುತ್ತಿತ್ತು. ಹಳೇ ಬನಿಯನ್. ಯಾವಾಗಲೂ ಅದು ಕಪ್ಪಗಿರುತ್ತಿತ್ತು. ಈಗ ಅದರ ತುಂಬ ಗುಲಾಬಿ ಬಣ್ಣ ಕೂತಿತ್ತು, ನಾನು ಎರಡು ವಾರ ಉಜ್ಜಿ ಎಬ್ಬಿಸಿದ ಅದೇ ಪುಡಿ. ಮೂಗಿನ ಹತ್ತಿರ ಹಿಡಿದೆ. ಜಿಡ್ಡಿನ ಕಮಟು ವಾಸನೆ ನೆತ್ತಿಗೇರಿತು. ನಾನು ಕಂಪ್ರೆಸರ್ ತರಲು ಹೋದ ಆ ಒಂದು ಗಂಟೆಯಲ್ಲಿ ಅಪ್ಪ ಮಾಡಿದ್ದೆಲ್ಲ ನನ್ನ ಕೈಯಲ್ಲಿತ್ತು.

ಮೊದಲು ಬಂದದ್ದು ಕೋಪ. ಒಳಗೆ ಹೋಗಿ ಆ ಬಟ್ಟೆಯನ್ನು ಅವರ ಮುಂದೆ ಎಸೆಯಬೇಕು ಅನ್ನಿಸಿತು. ಕಿಟಕಿಯಿಂದ ನೋಡಿದರೆ ಅವರು ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದರು. ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿದರು. ಲೈಸೆನ್ಸ್ ಹೋದಾಗಿನ ಆ ಮೂಕ ತಿಂಗಳು ನೆನಪಿಗೆ ಬಂತು. ನೀವು ಒರೆಸಿದ್ದರಿಂದಲೇ ಕಾರು ಹಾಳಾಯಿತು ಎಂದು ಅವರಿಗೆ ಹೇಳಿದರೆ ಇನ್ನು ಅವರು ಯಾವುದನ್ನು ಒರೆಸುತ್ತಾರೆ? ಬಟ್ಟೆಯನ್ನು ಇದ್ದ ಹಾಗೆಯೇ ತಂತಿಗೆ ಹಾಕಿದೆ.

ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. "ಮಾವನ ಹತ್ರ ಏನೂ ಕೇಳ್ಬೇಡಿ. ಆದ್ರೆ ಆ ಸಾಬರ ಅಂಗಡಿ ಮುಂದೆ ಕೂಗಾಡಿದ್ದು ನೀವು ತಾನೇ? ಹೋಗಿ ಹೇಳೋದೂ ನೀವೇ."

ಗುರುವಾರ ಶಾಲೆಗೆ ರಜೆ ಹಾಕಿ ಹನ್ನೊಂದಕ್ಕೆ ಹೋದೆ. ಅಪ್ಪ ಇಲ್ಲದ ಹೊತ್ತು ನೋಡಿ ಹೋಗಬಹುದಿತ್ತು. ಆದರೆ ಆ ಹೊತ್ತಿಗೆ ಜನವೂ ಇರುವುದಿಲ್ಲ. ಜನರ ಮುಂದೆ ಬೈದು ಗೋಡೆಯ ಮುಂದೆ ಕ್ಷಮೆ ಕೇಳುವಷ್ಟು ಹೇಡಿಯಾಗುವುದು ಬೇಡ ಅನ್ನಿಸಿತು. ಅವತ್ತಿನವರಲ್ಲೇ ನಾಲ್ಕು ಜನ ಇದ್ದರು, ಬೆಂಚಿನ ಮೇಲೆ ಅಪ್ಪ. ಕಪಾಟಿನ ಕೆಳಗೆ ವಾಪಸ್ ಬಂದ ಡಬ್ಬಗಳು ಸಾಲಾಗಿ ಕೂತಿದ್ದವು. ನನ್ನನ್ನು ನೋಡಿ ಸಾಬರು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

"ಭಾಯ್, ಅವತ್ತು ನಾನು ಆಡಿದ್ದೆಲ್ಲ ತಪ್ಪು. ನಿಮ್ಮ ಬಣ್ಣ ಸರಿಯಾಗೇ ಇತ್ತು. ಕಾರಿನ ಮೈಮೇಲೆ ಎಣ್ಣೆ ಇತ್ತು. ನಾನೇ…" ಅಪ್ಪನ ಕಡೆ ನೋಡಲಿಲ್ಲ. "ಉಜ್ಜಿದ ಮೇಲೆ ಒಣಗಿದ ಹಾಗೆ ಕಾಣ್ತು. ತುಕ್ಕು ಹಿಡಿಯುತ್ತೆ ಅಂತ ನಾನೇ ಕೊಬ್ಬರಿ ಎಣ್ಣೆ ಸವರಿದ್ದೆ."

ಪೇಪರ್ ಮಡಿಚುವ ಸದ್ದು ಕೇಳಿತು. ಅಪ್ಪ ಬೆಂಚಿನಿಂದ ಎದ್ದು ನಿಂತಿದ್ದರು.

"ಥೂ ನಿನ್ನ! ಬುದ್ದಿ ಇಲ್ವೇನ್ಲಾ ನಿಂಗೆ? ಬಣ್ಣ ಒಡಿಯೋಕ್ ಮುಂಚೆ ಯಾವನಾದ್ರೂ ಎಣ್ಣೆ ಅಚ್ತಾನೇನ್ಲಾ? ಎಣ್ಣೆ ಮ್ಯಾಲ್ ಬಣ್ಣ ನಿಂತ್ಕತದಾ? ಏನ್ ಮೇಷ್ಟ್ರಾಗಿದೀಯೋ ಕಾಣೆ! ಮಕ್ಕಳ್ಗೆ ಏನ್ ಯೋಳ್ಕೊಡ್ತೀಯೋ ಕಾಣೆ! ಆ ಮನುಷ್ಯನ ಅಂಗಡಿ ಮುಂದ್ ನಿಂತು ಬಾಯಿಗ್ ಬಂದಂಗ್ ಅಂದ್ಬುಟ್ಯಲ್ಲ, ನಾಚ್ಕೆ ಆಗಾಕಿಲ್ವಾ?"

ನಾಲ್ಕೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನ ಮುಖ ನೋಡಿದೆ. ಕೋಪದಲ್ಲಿ ಕೆನ್ನೆ ಅದುರುತ್ತಿತ್ತು. ಅದರಲ್ಲಿ ನಟನೆ ಇತ್ತೋ, ಮರೆವು ಇತ್ತೋ, ನಾನು ಹಚ್ಚಿದ್ದು ಬೇರೆ ತಾವು ಒರೆಸಿದ್ದು ಬೇರೆ ಎಂಬ ನಂಬಿಕೆ ಇತ್ತೋ, ನನಗೆ ತಿಳಿಯಲಿಲ್ಲ. ಅವರು ನನ್ನ ಕಡೆಗೂ ನೋಡುತ್ತಿರಲಿಲ್ಲ. ವಾಪಸ್ ಬಂದಿದ್ದ ಡಬ್ಬಗಳ ಕಡೆ ನೋಡುತ್ತಿದ್ದರು.

ಸಾಬರು ಅಪ್ಪನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಆ ಲಾರಿಗೆ ಬಣ್ಣ ಹೊಡೆದವರು ಅವರು. ಅದು ಎಣ್ಣೆಬಟ್ಟೆಯಲ್ಲೇ ಬೆಳೆದ ಲಾರಿಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

"ಗೌಡ್ರೇ, ಕೂತ್ಕೊಳ್ಳಿ, ಬಿಪಿ ಜಾಸ್ತಿ ಆಗ್ತದೆ," ಎಂದರು. ನನಗೆ ಮಾತ್ರ ರಿಯಾಯಿತಿ ಸಿಗಲಿಲ್ಲ. "ಮೇಷ್ಟ್ರೇ, ನೀವು ಕೂಗಿದ್ದು ಹತ್ತು ಜನದ ಮುಂದೆ. ಹೇಳ್ತಿರೋದು ನಾಲ್ಕು ಜನದ ಮುಂದೆ. ಇನ್ನೂ ಆರು ಜನ ಬಾಕಿ."

ಆ ಆರು ಜನರನ್ನೂ ಹುಡುಕಿಕೊಂಡು ಹೋದೆ. ಟ್ರೈಲರ್ ಶೆಡ್ಡಿನವನು ನನ್ನ ಮಾತು ಮುಗಿಯುವವರೆಗೂ ವೆಲ್ಡಿಂಗ್ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿ, ಅಕ್ಕಪಕ್ಕದ ಶೆಡ್ಡಿನವರನ್ನು ಕರೆದು, "ಸಾ, ಇನ್ನೊಂದ್ ಸಲ ಯೋಳಿ," ಎಂದ. ಹೇಳಿದೆ. ಶನಿವಾರದ ಹೊತ್ತಿಗೆ ಅವನ ಎರಡು ಡಬ್ಬ ಸಾಬರ ಅಂಗಡಿಯಿಂದ ವಾಪಸ್ ಹೋದವು. ಕಥೆ ನನಗಿಂತ ಮುಂಚೆ ಕೆ.ಆರ್. ಪೇಟೆ ದಾಟಿ ಕಿಕ್ಕೇರಿ ಸೇರಿತು. ಆ ವರ್ಷ ಮೇಲ್ಮೈ ಎಳೆತದ ಪಾಠಕ್ಕೆ ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂದಿನ ಬೆಂಚುಗಳು ಕಿಸಕ್ಕೆಂದವು. ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಯಾರಾದರೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ನನ್ನನ್ನೇ ನೋಡುತ್ತಾರೆ.

ಕಾರನ್ನು ಮತ್ತೆ ಉಜ್ಜಿದೆ. ಸೋಪಿನ ನೀರು, ತಿನ್ನರ್, ಮತ್ತೆ ಸೋಪಿನ ನೀರು. ಚರಂಡಿಯಲ್ಲಿ ಈ ಸಲ ಹೊಸ ಕೆಂಪು ಹರಿಯಿತು. ಬಣ್ಣ ಅದೇ, ಅಂಗಡಿ ಅದೇ, ಎನ್‌ಸಿ ಕೆಂಪೇ. ಸಾಬರು ಕಣ್ಣಳತೆಯಲ್ಲೇ ಮತ್ತೆ ಬೆರೆಸಿಕೊಟ್ಟರು. ಮತ್ತೊಂದು ಭಾನುವಾರ ಬೆಳಿಗ್ಗೆ ಕಂಪ್ರೆಸರ್ ತರಲು ಹೊರಟಾಗ ಗೇಟಿನ ಹತ್ತಿರ ನನ್ನ ಕಾಲು ತಡೆಯಿತು. ಕಾರು ಒಣಕಲಾಗಿ, ಬಿಳಿಚಿಕೊಂಡು ನಿಂತಿತ್ತು. ಅಪ್ಪ ಜಗುಲಿಯಲ್ಲಿದ್ದರು. ಏನೋ ಹೇಳಬೇಕೆಂದುಕೊಂಡೆ. ಹೇಳಲಾರದೆ ಹೋದೆ. ಹೋಗುವಾಗಲೂ ಬರುವಾಗಲೂ ನನ್ನ ಮೇಲೇ ನನಗೆ ಅಸಹ್ಯ: ಹೆತ್ತವರಿಗೆ ಒಂದು ಮಾತು ಹೇಳಲಾರದವನಿಗೆ ಊರಿನ ಮುಂದೆ ಒಬ್ಬ ಬಡವನ ಹೆಸರು ಕೆಡಿಸಲು ಗಂಟಲು ಎಷ್ಟು ಚೆನ್ನಾಗಿ ತೆರೆದಿತ್ತು.

ವಾಪಸ್ ಬಂದಾಗ ಅಪ್ಪ ಜಗುಲಿಯಲ್ಲಿ ಇರಲಿಲ್ಲ. ಕುರ್ಚಿಯನ್ನು ಅಂಗಳಕ್ಕೆ ತಂದು, ಬಾನೆಟ್ಟಿನ ಮುಂದೆ ಹಾಕಿಕೊಂಡು, ಕೋಲು ಅಡ್ಡ ಹಿಡಿದು ಕಾವಲು ಕೂತಿದ್ದರು. ಕಾರಿನ ಮೈ ನಾನು ಬಿಟ್ಟು ಹೋದಾಗ ಎಷ್ಟು ಬಿಳಿಚಿತ್ತೋ ಅಷ್ಟೇ ಬಿಳಿಚಿತ್ತು. ಆದರೂ ತಿನ್ನರ್ ಬಟ್ಟೆ ಎತ್ತಿಕೊಂಡೆ.

"ಒರ್ಸು, ಒರ್ಸು," ಎಂದರು ಅಪ್ಪ, ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತ. "ಕೊಬ್ರಿ ಎಣ್ಣೆ ಬಾಟ್ಲೀನ ಅಟ್ಟದ್ ಮ್ಯಾಲೆ ಮಡುಗಿದೀನಿ. ನಿನ್ ಕೈಗೆ ಸಿಗ್ದಂಗೆ."